ರಿಕ್ತರ ಕಟ್ಟೆ

ಧಾರವಾಡ ಸೀಮೆಯ ಹುಣಸೀಗುಂಡಿಯಲ್ಲಿ ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವುದು ಬೇವಿನ ಮರದಡಿಯ ಕರಿಗಲ್ಲಿನ ಕಟ್ಟೆ. ಅದರ ಹೆಸರು ರಿಕ್ತರ ಕಟ್ಟೆ. ರಿಕ್ತ ಎಂದರೆ ಬರಿಗೈಯವನು. ಯಾರೋ ಬಡ ಬೈರಾಗಿಗಳು ಇಲ್ಲಿ ತಂಗಿದ್ದರೇನೋ ಎಂದು ಓದಿದವರು ಊಹಿಸುತ್ತಾರೆ. ಊರ ಹಿರಿಯರು ಮಾತ್ರ ಅದು ಜರ್ಮನಿಯಿಂದ ಬಂದ ಹೆಸರು ಎನ್ನುತ್ತಾರೆ.

ಹಿಂದೆ ಒಮ್ಮೆ, ಕಂಪನಿ ಸರಕಾರದ ಕಾಲದಲ್ಲಿ, ಮಗ್ಗದ ಕೆಲಸ ಕಲಿಸಲು ರಿಕ್ಟರ್ ಎಂಬ ಜರ್ಮನ್ ಸಾಹೇಬ ಈ ಊರಿಗೆ ಬಂದಿದ್ದನಂತೆ. ಊರ ಬಾಯಲ್ಲಿ ಅವನು ರಿಕ್ತರ ಸಾಹೇಬನಾದ. ಅವನ ಹರಕು ಇಂಗ್ಲಿಷನ್ನು ಊರಿಗೆ ತಿಳಿಸುತ್ತಿದ್ದವನು ಮುನ್ಶಿ ಮೋನಪ್ಪ ಬಡಿಗೇರ. ಒಂದು ದಿನ ಅಡ್ಡಹೆಸರುಗಳ ಮಾತು ಬಂತು. ತಮ್ಮಲ್ಲಿ ಶ್ಮಿಟ್ ಎಂದರೆ ಕಮ್ಮಾರ, ವೇಬರ್ ಎಂದರೆ ನೇಕಾರ, ರಿಕ್ಟರ್ ಎಂದರೆ ನ್ಯಾಯಾಧೀಶ ಎಂದ ಸಾಹೇಬ; ಯಾವ ಕಾಲದಲ್ಲೋ ಮುತ್ತಜ್ಜನೊಬ್ಬ ನ್ಯಾಯ ಹೇಳಿದ್ದಿರಬೇಕು, ತನಗೆ ಗೊತ್ತಿರುವುದು ಮಗ್ಗದ ಲಾಳಿಯೊಂದೇ ಎಂದೂ ಸೇರಿಸಿದ. ಮೋನಪ್ಪ ಮೊದಲರ್ಧವನ್ನಷ್ಟೇ ಊರಿಗೆ ಒಯ್ದ. ನ್ಯಾಯಾಧೀಶರ ಮುನ್ಶಿ ಎನಿಸಿಕೊಳ್ಳುವ ಚಪಲ, ಬೇರೇನಿಲ್ಲ. ತಾನೂ ಬಡಿಗೇರನೇ, ಆದರೂ ಮನೆಯಲ್ಲಿ ಮೂರು ತಲೆಮಾರಿನಿಂದ ಉಳಿ ಹಿಡಿದವರಿಲ್ಲ ಎಂಬುದು ಆ ಪುಣ್ಯಾತ್ಮನಿಗೆ ಆಗ ನೆನಪಾಗಲಿಲ್ಲ.

ಆ ವರ್ಷವೇ ಗಂಡ ಸತ್ತ ನಾಗವ್ವ ಹಳ್ಳದ ಹೊಲದಲ್ಲಿ ತನ್ನ ಪಾಲು ಕೇಳಿದಳು. ಗಂಡನ ಅಣ್ಣ ರುದ್ರಗೌಡ ಕೊಡಲೊಲ್ಲ. ಇಬ್ಬರೂ ಊರನ್ನೇ ಕಟ್ಟಿಕೊಂಡು ಸಾಹೇಬ ಕೂತಿದ್ದ ಕಟ್ಟೆಗೆ ಬಂದು, ಸಾಹೇಬ ಹೇಳಿದಂತೆ ನಡೆಯುತ್ತೇವೆಂದು ಆಣೆ ಇಟ್ಟರು. ಮೋನಪ್ಪ ಬಡಾಯಿ ಬಯಲಾದೀತೆಂದು ಅಂಜಿ ಸಾಹೇಬನ ಕಡೆ ತಿರುಗಿ, ನಿಮ್ಮೂರಲ್ಲಿ ಅಪ್ಪನ ಹೊಲ ಯಾರಿಗೆ ಹೋಗುತ್ತದೆಂದು ಕೇಳುತ್ತಿದ್ದಾರೆ ಎಂದ. ಕನ್ನಡ ಬಾರದ ಸಾಹೇಬ ಹರಟೆಯೆಂದೇ ತಿಳಿದು, ಹಿರಿಯ ಮಗನಿಗೆ ಎಂದ. ಮೋನಪ್ಪ ಅದನ್ನೇ ತೀರ್ಪೆಂದು ಸಾರಿದ.

ನಾಗವ್ವ ಅಳಲಿಲ್ಲ. "ಆತು ಬಿಡ್ರಿ ಮುನ್ಶಿಯವರ, ಬರಿಗೈಲೆ ಹೊಂಟೆ" ಎಂದು ತವರಿನ ದಾರಿ ಹಿಡಿದಳು. ಬರಿಗೈ ಎಂಬ ಮಾತನ್ನು ಮೋನಪ್ಪನ ಓದಿದ ತಲೆ ತಾನಾಗಿಯೇ ರಿಕ್ತ ಎಂದು ಅನುವಾದಿಸಿತು. ಅಂದಿನಿಂದ ಸಾಹೇಬನನ್ನು ಯಾರು ಹೆಸರು ಹಿಡಿದು ಕರೆದರೂ ಮೋನಪ್ಪನಿಗೆ ಅವಳ ಕೈಗಳೇ ಕಾಣುತ್ತಿದ್ದವು. ಎಂಟು ದಿನ ನುಂಗಿಕೊಂಡವನು ಒಂಬತ್ತನೆಯ ದಿನ ಸಾಹೇಬನ ಮುಂದೆ ಎಲ್ಲವನ್ನೂ ಒಪ್ಪಿಕೊಂಡ. ಸಾಹೇಬ ಅವನನ್ನು ಕರೆದುಕೊಂಡು ಬರಿಗಾಲಲ್ಲೇ ರುದ್ರಗೌಡನ ಮನೆಗೆ ಓಡಿ, ಅದು ತನ್ನ ತೀರ್ಪಲ್ಲವೆಂದು ಕೈಮುಗಿದ. "ಕಟ್ಟಿ ಮ್ಯಾಲ ಆಡಿದ ಮಾತು ಮುಗೀತ್ರಿ" ಎಂದು ಗೌಡ ಒಳಗೆ ಹೋದ. ಮೋನಪ್ಪ ನಾಗವ್ವನ ತವರಿಗೆ ಹೋಗಿ ಅಂಗಳದಲ್ಲಿ ನಿಂತ.

"ಯವ್ವಾ, ಆ ತೀರ್ಪು ಸಾಹೇಬರದಲ್ಲ. ನಾ ಹುಟ್ಟಿಸಿದ್ದು."

ಅವಳು ಜೋಳ ಬೀಸುವುದನ್ನು ನಿಲ್ಲಿಸಲಿಲ್ಲ. "ಅದನ್ನ ಅವತ್ತ ಕಟ್ಟಿ ಮ್ಯಾಲ ಹೇಳಬೇಕಿತ್ರಿ. ಇಲ್ಲಿ ಕೇಳಾವ್ರು ಯಾರದಾರ?"

ಮೋನಪ್ಪ ಸಾಯುವ ತನಕ ಪ್ರತಿ ಸಂತೆಯ ದಿನ ಕಟ್ಟೆಯ ಕೆಳಗೆ ನೆಲದ ಮೇಲೆ ಕೂತು, ಹೋಗಿಬರುವವರಿಗೆಲ್ಲ ತನ್ನ ಸುಳ್ಳನ್ನು ಹೇಳಿಕೊಳ್ಳುತ್ತಿದ್ದನಂತೆ. ಹಳ್ಳದ ಹೊಲವನ್ನು ಇಂದಿಗೂ ಗೌಡರ ಮನೆಯವರೇ ಉಳುತ್ತಾರೆ. ಕಟ್ಟೆಯ ಮೇಲೆ ನಿಂತರೆ ಚೆನ್ನಾಗಿ ಕಾಣುತ್ತದೆ. ಸುಳ್ಳಾಡಿದ ಮೋನಪ್ಪನ ಹೆಸರಾಗಲಿ, ಹೊಲ ಕಳೆದುಕೊಂಡ ನಾಗವ್ವನ ಹೆಸರಾಗಲಿ ಕಟ್ಟೆಗೆ ಬರಲಿಲ್ಲ. ಏನೂ ಅರಿಯದೆ ಒಂದು ಮಾತಾಡಿದ ಸಾಹೇಬನ ಹೆಸರನ್ನೇ ಅದು ಹೊತ್ತು ಕೂತಿದೆ.