ಗೋಡೆಯ ಕಲೆಗೆ ಹಲ್ಲಿಯ ಸಾಕ್ಷಿ

ಹಿಟ್ಟಿನ ಗಿರಣಿಯ ಗೋಡೆಗೆ ನೀರು ಇಳಿದು ದೊಡ್ಡದೊಂದು ಕಲೆ ಮೂಡಿತ್ತು. ಇಲಿ ನೋಡಿ, "ಅದು ಹೊಂಚು ಹಾಕಿ ಕೂತ ಬೆಕ್ಕು" ಎಂದಿತು. ಬೆಕ್ಕು ನೋಡಿ, "ಅದು ಚೆನ್ನಾಗಿ ಕೊಬ್ಬಿದ ಇಲಿ" ಎಂದಿತು. ಆಡಿದ ಮಾತಿಗೆ ಹಲ್ಲಿ ಲೊಚಗುಟ್ಟಿದರೆ ಅದು ಸತ್ಯವೆಂದು ಗಿರಣಿಯಲ್ಲಿ ಎಲ್ಲರ ನಂಬಿಕೆ. ಹಾಗಾಗಿ ಎರಡೂ ಬೇರೆ ಬೇರೆ ಹೊತ್ತಿನಲ್ಲಿ ಬಂದು ಹಲ್ಲಿಗೆ ಕೈಮುಗಿದು ಕೇಳಿದವು.

ಅದು ಬರೀ ತೇವವೆಂದು ಹಲ್ಲಿಗೆ ಗೊತ್ತಿತ್ತು. ಸೆಕೆಗಾಲದಲ್ಲಿ ಅದು ಹೊಟ್ಟೆ ತಂಪು ಮಾಡಿಕೊಳ್ಳುತ್ತಿದ್ದುದೇ ಆ ಕಲೆಯ ಮೇಲೆ. ಆದರೆ ತೇವವನ್ನು ತೇವ ಎನ್ನುವ ಹಲ್ಲಿಗೆ ಯಾರು ಕೈಮುಗಿಯುತ್ತಾರೆ? ಇಲಿಗೂ ಲೊಚಗುಟ್ಟಿತು, ಬೆಕ್ಕಿಗೂ ಲೊಚಗುಟ್ಟಿತು.

ಅಂದಿನಿಂದ ಬೆಕ್ಕು ಗೋಡೆಯ ಇಲಿ ಇಳಿದು ಬರಲೆಂದು ಕತ್ತೆತ್ತಿಕೊಂಡೇ ಕೂತಿತು. ಇಲಿ ಗೋಡೆಯ ಬೆಕ್ಕಿನ ಮೇಲೆಯೇ ಕಣ್ಣಿಟ್ಟುಕೊಂಡು, ನಿಜವಾದ ಬೆಕ್ಕಿನ ಬಾಲವನ್ನು ದಾಟಿ ಹೋಗಿ ಹಿಟ್ಟು ತಿಂದು ಬರುತ್ತಿತ್ತು.

ಒಂದು ದಿನ ಗಿರಣಿಯವನು ಗೋಡೆಗೆ ಸುಣ್ಣ ಬಳಿಸಿದ. ಇಲಿ ಬಿಲದಿಂದ ತಲೆ ಹೊರಹಾಕಿ, "ಬೆಕ್ಕಿನ ಕಾಟ ಮುಗಿಯಿತಲ್ಲವೇ?" ಎಂದು ಕೇಳಿತು. ಹಲ್ಲಿ ಕೆಳಗೆ ನೋಡಿತು. ಕಲೆ ಕಾಣದ ಬೆಕ್ಕು ಈಗ ಕತ್ತು ಇಳಿಸಿ ನೆಲ ನೋಡುತ್ತಿತ್ತು. ನಿಜ ಹೇಳೋಣವೆಂದು ಹಲ್ಲಿ ಬಾಯಿ ತೆರೆಯಿತು; ಅಷ್ಟರಲ್ಲಿ ಇಲಿ ಕೈಮುಗಿದಿತ್ತು. ಹಲ್ಲಿ ಲೊಚಗುಟ್ಟಿತು. ಇಲಿ ಎದೆಯುಬ್ಬಿಸಿಕೊಂಡು ಹೊರಗೆ ಬಂತು. ಬೆಕ್ಕು ಒಂದೇ ನೆಗೆತಕ್ಕೆ ಹಿಡಿಯಿತು.

ಆಮೇಲೆ ಬೆಕ್ಕು ಮೀಸೆ ನೆಕ್ಕಿಕೊಳ್ಳುತ್ತ, "ಗೋಡೆಯ ಇಲಿ ಕೊನೆಗೂ ಇಳಿದು ಬಂತು. ನಾನು ಹೇಳಿರಲಿಲ್ಲವೇ?" ಎಂದಿತು.

ಹಲ್ಲಿ ಅದಕ್ಕೂ ಲೊಚಗುಟ್ಟಿತು.