ಗಂಟೆಗೆ ಹಾಕಿದ ಗಂಟು

ಹೊಳೆಯ ದಂಡೆಯ ಮೇಲೆ ಒಂದು ಚರ್ಚು. ಅಲ್ಲಿ ಶೌರಪ್ಪನವರೆಂಬ ಮುದಿ ಗುರುಗಳು. ಪಾದ್ರಿಯಾಗುವ ಮೊದಲು ಅವರ ಬಳಿ ಇದ್ದು ಕಲಿಯಲು ಬಂದ ಶಿಷ್ಯ ಇನ್ನಾಸಿ.

ಇನ್ನಾಸಿಗೆ ಎಲ್ಲವೂ ಭಯ. ಗುಡುಗೆಂದರೆ ಭಯ, ಹೊಳೆಯೆಂದರೆ ಭಯ, ನಾಯಿಯೆಂದರೆ ಭಯ. ಎಲ್ಲಕ್ಕಿಂತ ಹೆಚ್ಚಾಗಿ, ಪೂಜೆಯ ವಿಧಿಯಲ್ಲಿ ಎಲ್ಲಿ ಎಡವಿ ಪಾಪ ಸುತ್ತಿಕೊಳ್ಳುವುದೋ ಎಂಬ ಭಯ. ಊರವರು ಅವನನ್ನು 'ಮರಿಸ್ವಾಮಿ' ಎಂದು ಕರೆದು ನಗುತ್ತಿದ್ದರು. ಹೆದರುವವರ ಮೇಲೆ ಕಪ್ಪೆ ಎಸೆಯುವ ಚಟ ಯಾವ ಊರಿಗಿಲ್ಲ?

ಆ ಊರಿನಲ್ಲಿ ಚರ್ಚಿಗೆ ಸೇರಿದ ಮನೆಗಳು ಬೆರಳೆಣಿಕೆಯಷ್ಟು. ಗಂಟೆ ಮಾತ್ರ ಇಡೀ ಊರಿನದು. ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆದರೆ ಹೊಲದಲ್ಲಿದ್ದವರು ನೊಗ ಬಿಚ್ಚುತ್ತಿದ್ದರು. ಮನೆಯಲ್ಲಿದ್ದವರು ದೀಪ ಹಚ್ಚುತ್ತಿದ್ದರು. ಬೀಡಿ ಕಟ್ಟುವ ಸಾಬರ ಹೆಂಗಸರು ಮೊರ ಎತ್ತಿಡುತ್ತಿದ್ದರು. ಆಚೆ ದಡದಲ್ಲಿ ಅಂಬಿಗ ಪುಟ್ಟಂಕ ಅದೇ ಗಂಟೆ ಕೇಳಿ ಕಡೆಯ ದೋಣಿ ಬಿಡುತ್ತಿದ್ದ.

"ಗುರುಗಳೇ, ಇವರಲ್ಲಿ ಒಬ್ಬರೂ ಪೂಜೆಗೆ ಬರುವುದಿಲ್ಲ. ಗಂಟೆ ಮಾತ್ರ ಬೇಕು," ಎಂದು ಇನ್ನಾಸಿ ಒಮ್ಮೆ ಗೊಣಗಿದ.

"ಹೌದಲ್ಲ," ಎಂದರು ಗುರುಗಳು. "ಅವರ ಕಿವಿಗೆಲ್ಲ ಬೀಗ ಹಾಕಿಸೋಣವೇ?"

ತಪಸ್ಸುಕಾಲ ಮುಗಿಯುತ್ತ ಪವಿತ್ರ ಗುರುವಾರ ಬಂತು. ಆ ಸಂಜೆಯ ಪೂಜೆಯಲ್ಲಿ ಮೊಳಗಿದ ಗಂಟೆ ಮತ್ತೆ ಮೊಳಗುವುದು ಶನಿವಾರ ರಾತ್ರಿಯ ಈಸ್ಟರ್ ಜಾಗರಣೆಯಲ್ಲೇ. ಯೇಸುಸ್ವಾಮಿಯ ಮರಣವನ್ನು ನೆನೆಯುವ ನಡುವಿನ ಹೊತ್ತಿನಲ್ಲಿ ಗಂಟೆಗೆ ಮೌನ. ಕಟಕಟ ಎನ್ನುವ ಮರದ ಗಿಲಕಿಯೇ ಗತಿ. ಅದು ಚರ್ಚಿನ ಬಾಗಿಲು ದಾಟಿ ಕೇಳಿಸಿದರೆ ಪುಣ್ಯ.

ಆ ಗುರುವಾರ ಬೆಳಿಗ್ಗೆಯೇ ಗುರುಗಳು ಶಿಷ್ಯನನ್ನು ಕರೆದರು. "ಪುಟ್ಟಂಕನಿಗೆ ಹೇಳಿ ಬಾ. ನಾಳೆ, ನಾಡಿದ್ದು ಸಂಜೆ ಗಂಟೆ ಇಲ್ಲ. ಹೊತ್ತು ನೋಡಿಕೊಂಡು ದೋಣಿ ಬಿಡಲಿ. ವರ್ಷವೂ ನಾನೇ ಹೋಗುತ್ತಿದ್ದೆ, ಈ ಸಲ ಮಂಡಿ ಮಡಚಲಾಗುತ್ತಿಲ್ಲ."

ಇನ್ನಾಸಿ ಹೋದ. ಅಂಬಿಗರ ಕೇರಿಯ ಬಾಯಲ್ಲೇ ಒಂದು ಕರಿ ನಾಯಿ ಮಲಗಿತ್ತು. ತಲೆ ಎತ್ತಿ ಗುರ್ ಎಂದಿತು. ಇನ್ನಾಸಿ ಬಂದ ದಾರಿಗೆ ಸುಂಕವಿಲ್ಲವೆಂದು ತಿರುಗಿಬಿಟ್ಟ.

ಸಂಜೆ ಹೇಳಿದರಾಯಿತು ಎಂದುಕೊಂಡ. ಸಂಜೆಯೂ ನಾಯಿ ಅಲ್ಲೇ ಇತ್ತು. ಗಂಟೆ ಕೇಳದಿದ್ದರೆ ಅವರಿಗೇ ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಗುರುಗಳಿಗೆ ಏನೂ ಹೇಳಲಿಲ್ಲ.

ಪೂಜೆ ಮುಗಿದ ಮೇಲೆ ಅವನಿಗೆ ಇನ್ನೊಂದು ಭಯ ಹತ್ತಿತು. ಯಾರಾದರೂ ಮರೆತು ಹಗ್ಗ ಎಳೆದುಬಿಟ್ಟರೆ? ಏಣಿ ಹತ್ತಿ ಗೋಪುರಕ್ಕೆ ಹೋದ. ಹಗ್ಗವನ್ನು ಮೇಲಕ್ಕೆಳೆದು ಸುತ್ತಿಟ್ಟ. ಗಂಟೆಯ ನಾಲಿಗೆಗೆ ನೇರಳೆ ಬಟ್ಟೆ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದ.

"ಏನು ಮಾಡಿ ಬಂದೆ?" ಎಂದು ಕೇಳಿದರು ಗುರುಗಳು.

"ಗಂಟೆಗೆ ಗಂಟು ಹಾಕಿ ಬಂದೆ."

"ಬಿಚ್ಚಲು ಬರುವ ಗಂಟು ತಾನೇ?"

ಗುರುಗಳು ತಮಾಷೆ ಮಾಡುತ್ತಿದ್ದಾರೆಂದುಕೊಂಡು ಇನ್ನಾಸಿ ದೀಪ ಆರಿಸಲು ಹೋದ.

ಮರುದಿನ ಶುಭ ಶುಕ್ರವಾರ. ಆಚೆ ದಡದಲ್ಲಿ ಸಂತೆ. ಮಧ್ಯಾಹ್ನದ ಆರಾಧನೆ ಮುಗಿಸಿ ಚರ್ಚಿನವರು ಮನೆಗೆ ಹೋದರು. ಸಂಜೆಯಾಗುತ್ತಿದ್ದಂತೆ ಗಾಳಿ ನಿಂತಿತು. ಒಂದು ಎಲೆಯೂ ಅಲುಗಲಿಲ್ಲ. ಇನ್ನಾಸಿಗೆ ಅದೂ ಭಯ.

ಹೊತ್ತು ಮುಳುಗಿದ ಮೇಲೆ ಬಿರುಗಾಳಿ ಎದ್ದಿತು. ಹೊಲಗಳ ದೂಳೆಲ್ಲ ಎದ್ದು ಹೊಳೆಯನ್ನು ಮುಚ್ಚಿತು. ಹಿಂದೆಯೇ ಮಿಂಚು, ದಪ್ಪ ಹನಿಯ ಮಳೆ. ಇನ್ನಾಸಿ ಕಿಟಕಿಗಳನ್ನು ಮುಚ್ಚುತ್ತಿದ್ದಾಗ ಯಾರೋ ಬಾಗಿಲು ಬಡಿದರು. ತೆರೆದರೆ ಪುಟ್ಟಂಕನ ಹೆಂಡತಿ ಚಿಕ್ಕತಾಯಿ.

"ಯಾಕ್ ಸ್ವಾಮಿ, ಗಂಟೆ ಯಾಕ್ ಹೊಡೀಲಿಲ್ಲ?"

ಇನ್ನಾಸಿ ಅವಳನ್ನು ಒಳಗೆ ಕರೆದು ಬಾಗಿಲು ದೂಡಿದ.

"ನಿಮ್ ಗಂಟೆ ಕೇಳ್ಲಿ ಅಂತ ನಮ್ಮೋರು ಸಂತೆ ಜನಾನ ಕೂರಿಸ್ಕೊಂಡು ಕಾಯ್ತಾ ನಿಂತವ್ರೆ. ಕತ್ಲಾಗ್ತಾ ಬಿಟ್ಟವ್ರೆ. ನಡು ಹೊಳೇಲಿ ದೋಣಿ ಕಂಡೆ, ಆಮ್ಯಾಕೆ ದೂಳು ಮುಚ್ಕೊಂಬುಡ್ತು. ಲಾಟೀನು ನಿಲ್ತಿಲ್ಲ. ಕೂಗಿದ್ರೆ ನನ್ ಕೂಗು ನಂಗೇ ಕೇಳ್ತಿಲ್ಲ. ದಡ ಯಾವ್ ಕಡೆ ಅಂತ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು? ಕೆಳ್ಗಡೆ ಬಂಡೆಗಳವೆ ಸ್ವಾಮಿ!"

ಗುರುಗಳು ಗೋಡೆ ಹಿಡಿದು ಎದ್ದು ಬಂದರು. ಶಿಷ್ಯನ ಮುಖ ನೋಡಿದರು. ಹೇಳಿ ಬಂದೆಯಾ ಎಂದು ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಎನ್ನಿಸಿತು ಇನ್ನಾಸಿಗೆ.

"ಗಂಟೆ ಹೊಡೆ," ಎಂದರು.

"ಗುರುಗಳೇ, ಇವತ್ತು ಶುಭ ಶುಕ್ರವಾರ!"

"ಗೊತ್ತು."

"ಪಾಪವಲ್ಲವೇ?"

"ಯೇಸುವನ್ನೇ ಕೇಳೋಣವೆಂದರೆ ಆತ ಸಮಾಧಿಯಲ್ಲಿದ್ದಾನೆ. ಭಾನುವಾರ ಎದ್ದ ಮೇಲೆ ಕೇಳಬಹುದು. ದೋಣಿಯಲ್ಲಿರುವವರಿಗೆ ಅಷ್ಟು ಪುರುಸೊತ್ತಿಲ್ಲ."

ಇನ್ನಾಸಿ ಮೇಲೆ ನೋಡಿದ. ಪಾಪದ ಭಯ ಒಂದು ಕಡೆ, ಗೋಪುರದ ನೆತ್ತಿಯ ಮೇಲೆ ಹೊಡೆಯುತ್ತಿದ್ದ ಮಿಂಚು ಇನ್ನೊಂದು ಕಡೆ. ಕೆಳಗಿನಿಂದ ಎಳೆಯಲು ಹಗ್ಗವೂ ಇಲ್ಲ. ಅದನ್ನು ಮೇಲೆ ಸುತ್ತಿಟ್ಟವನು ತಾನೇ.

ಗುರುಗಳು ಏಣಿಯ ಬುಡಕ್ಕೆ ಹೋಗಿ, ಎರಡೂ ಕೈಯಿಂದ ಮೆಟ್ಟಿಲು ಹಿಡಿದು, ಮಡಚದ ಕಾಲನ್ನು ಎಳೆದು ಮೊದಲ ಮೆಟ್ಟಿಲ ಮೇಲಿಟ್ಟರು. ನೋವಿಗೆ ಹಲ್ಲು ಕಚ್ಚಿದರು. ಎರಡನೆಯದಕ್ಕೆ ಕೈ ಚಾಚಿದರು.

ಇನ್ನಾಸಿ ಓಡಿ ಬಂದು ಅವರನ್ನು ಸೊಂಟ ಹಿಡಿದು ಇಳಿಸಿದ. ತಾನು ಹತ್ತಿದ.

ಮೇಲೆ ಗಾಳಿ ಅವನನ್ನು ಗೋಡೆಗೆ ಒತ್ತಿ ಹಿಡಿಯಿತು. ಮಳೆಗೆ ನೆನೆದ ಬಟ್ಟೆ ಕಬ್ಬಿಣದಂತೆ ಬಿಗಿದಿತ್ತು. ಉಗುರು ಹಾಕಿದ, ಉಗುರು ಮುರಿಯಿತು. ಹಲ್ಲು ಹಾಕಿದ. ಮಿಂಚು ಹೊಡೆದಾಗಲೆಲ್ಲ ಕಣ್ಣು ಮುಚ್ಚಿ ಕಿರುಚಿದ. ಅವನ ಕಿರುಚಾಟ ಕೇಳಲು ಅಲ್ಲಿ ಯಾರೂ ಇರಲಿಲ್ಲ. ಒಂದು ಗಂಟು ಬಿಚ್ಚಿತು, ಅದರ ಕೆಳಗೆ ಇನ್ನೊಂದು. ಇಷ್ಟು ಬಿಗಿಯಾಗಿ ಕಟ್ಟಿದವನ ಕೈ ಸೇದಿಹೋಗಲಿ ಎಂದು ತನ್ನನ್ನೇ ಶಪಿಸಿಕೊಂಡ.

ಕಡೆಗೆ ಬಟ್ಟೆ ಹರಿಯಿತು. ಇನ್ನಾಸಿ ಹಗ್ಗ ಬಿಚ್ಚುವುದಕ್ಕೂ ನಿಲ್ಲದೆ ನಾಲಿಗೆಯನ್ನೇ ಎರಡು ಕೈಯಿಂದ ಹಿಡಿದು ಗಂಟೆಗೆ ಬಡಿದ.

ಪ್ರಾರ್ಥನೆಗೆ ಹೊಡೆಯುವ ಕ್ರಮ ನೆನಪಾಗಲಿಲ್ಲ. ಬಡಿದ, ಬಡಿದ, ಬಡಿಯುತ್ತಲೇ ಇದ್ದ. ಕೆಳಗೆ ಏನೂ ಕಾಣಿಸದು. ಹೊಳೆ ಇದೆಯೋ, ದೋಣಿ ಇದೆಯೋ, ದೋಣಿಯಲ್ಲಿ ಜನ ಇದ್ದಾರೋ ತಿಳಿಯದು. ಆಗಲೇ ಬಂಡೆಗೆ ಬಡಿದು ಎಲ್ಲ ಮುಗಿದಿದ್ದರೆ? ಈ ಯೋಚನೆ ಬಂದಾಗ ಅವನಿಗೆ ಮಿಂಚಿನ ಭಯವೂ ಹೋಯಿತು, ಪಾಪದ ಭಯವೂ ಹೋಯಿತು. ಉಳಿದದ್ದು ಆ ಒಂದೇ ಭಯ, ಅದು ಎಲ್ಲಕ್ಕಿಂತ ದೊಡ್ಡದಾಗಿತ್ತು.

ತೋಳು ಸೋತು ಬೀಳುವ ಹೊತ್ತಿಗೆ ಕೆಳಗೆ ಚಿಕ್ಕತಾಯಿಯ ಕೂಗು ಕೇಳಿಸಿತು. ಅಳುವೋ ನಗುವೋ ಗೊತ್ತಾಗಲಿಲ್ಲ. ಇನ್ನಾಸಿ ಇಳಿದು ಬಂದ.

ಚರ್ಚಿನ ತುಂಬ ದೋಣಿಯಿಂದ ಇಳಿದ ಜನ. ಸೊಪ್ಪಿನ ಕುಕ್ಕೆಯವರು, ಬಳೆಗಾರ, ಕೋಳಿಯನ್ನು ಕಂಕುಳಲ್ಲಿ ಅವುಚಿಕೊಂಡ ಸಾಬರ ಅಜ್ಜಿ. ಒದ್ದೆ ಬಟ್ಟೆಯಲ್ಲಿ ಬೆಂಚುಗಳ ಮೇಲೆ ಕೂತು ನಡುಗುತ್ತಿದ್ದರು. ಗುರುಗಳು ಪೂಜಾಪೀಠಕ್ಕೆಂದು ಮಡಚಿಟ್ಟ ಬಿಳಿ ವಸ್ತ್ರಗಳನ್ನು ತಲೆ ಒರೆಸಿಕೊಳ್ಳಲು ಹಂಚುತ್ತಿದ್ದರು.

ಪುಟ್ಟಂಕ ಬಾಗಿಲ ಬಳಿ ಮಂಕು ಬಡಿದವನ ಹಾಗೆ ಕೂತಿದ್ದ. ಇನ್ನಾಸಿ ಅವನ ಮುಂದೆ ಹೋಗಿ ನಿಂತ.

"ಇವತ್ತು ಗಂಟೆ ಇಲ್ಲವೆಂದು ನಿಮಗೆ ಹೇಳಿ ಬಾ ಎಂದಿದ್ದರು. ನಾನು ಹೇಳಲಿಲ್ಲ. ನಾಯಿಗೆ ಹೆದರಿ ತಿರುಗಿ ಬಂದೆ. ತಪ್ಪು ನನ್ನದು."

ಚಿಕ್ಕತಾಯಿ ಎದ್ದು ಬಂದು ಅವನನ್ನು ಹೊಡೆಯಲು ಕೈ ಎತ್ತಿದಳು. ಅವನ ಬೆರಳುಗಳಿಂದ ಸೋರುತ್ತಿದ್ದ ರಕ್ತ ಕಂಡು ಕೈ ಇಳಿಸಿದಳು. ಆದರೂ ಬೈಯದೆ ಬಿಡಲಿಲ್ಲ. ಯಾರೂ ಅವಳನ್ನು ತಡೆಯಲಿಲ್ಲ.

ಪುಟ್ಟಂಕ ಮುಖದ ನೀರು ಒರೆಸಿಕೊಂಡು, "ನಾಳೀಕೋ?" ಎಂದ.

"ನಾಳೆ ಸಂಜೆಯೂ ಇಲ್ಲ."

"ಸರಿ ಬುಡಿ. ಹೊತ್ತಿರೋವಾಗ್ಲೇ ಬತ್ತೀವಿ."

ಮಳೆ ನಿಂತು ಜನ ಮನೆಗೆ ಹೋದರು. ಗುರುಗಳು ಬಿಸಿನೀರಿನಲ್ಲಿ ಶಿಷ್ಯನ ಬೆರಳು ತೊಳೆಯುತ್ತ ಕೂತರು.

"ಗುರುಗಳೇ, ಇನ್ನೊಂದು ತಪ್ಪಾಯಿತು."

"ಹೇಳು."

"ಅದು ಪ್ರಾರ್ಥನೆಯ ಗಂಟೆ. ಹೊಡೆಯುವಾಗ ಒಂದು ಪ್ರಾರ್ಥನೆಯೂ ಬಾಯಿಗೆ ಬರಲಿಲ್ಲ. ಕಲಿತದ್ದೆಲ್ಲ ಮರೆತುಹೋಯಿತು."

"ಬಾಯಿಗೆ ಏನೂ ಬರಲಿಲ್ಲವೇ?"

ಇನ್ನಾಸಿ ತಲೆ ತಗ್ಗಿಸಿದ. "'ಬನ್ನಿ, ಬನ್ನಿ' ಎಂದು ಅರಚುತ್ತಿದ್ದೆ. ಯಾರನ್ನು ಕರೆಯುತ್ತಿದ್ದೇನೆ ಅಂತಲೂ ಕಾಣುತ್ತಿರಲಿಲ್ಲ."

ಗುರುಗಳು ಅವನ ಕೈಗೆ ಬಟ್ಟೆ ಸುತ್ತಿ, ಸಡಿಲವಾಗಿ ಕಟ್ಟಿದರು.

"ಆ ಗಂಟೆಗೆ ಬೇರೆ ಮಾತು ಬರುವುದೂ ಇಲ್ಲ, ಇನ್ನಾಸಿ."