ಹತ್ತು ಕೇರಿಯ ಹುಣಸೆಬೀಜ

ಯಾವಾಗಲೋ ಒಂದು ಕಾಲ, ಎಲ್ಲೋ ಒಂದು ಊರು. ಊರಿಗೆ ಹತ್ತು ಕೇರಿ, ಕೇರಿಗೆ ನೂರು ಜನ. ಅದರಲ್ಲಿ ಅರವತ್ತು ನೇಕಾರರು, ನಲವತ್ತು ಕುಂಬಾರರು. ಹತ್ತೂ ಕೇರಿಯಲ್ಲಿ ಹಾಗೇ ಅಂತೆ.

ಮಕ್ಕಳಿಲ್ಲದ ಮುದಿ ರಾಜ, "ನನಗೆ ಸಾಕಾಯ್ತು. ಹತ್ತು ಜನರ ಸಭೆ ಆರಿಸಿಕೊಳ್ಳಿ, ಅವರೇ ಆಳಲಿ" ಅಂದನಂತೆ. ಆರಿಸೋದು ಹೇಗೆ? ನೇಕಾರರ ನಿಂಬೆವ್ವ ಲೆಕ್ಕದಲ್ಲಿ ಜಾಣೆ. ಅವಳನ್ನ ಕರೆಸಿದ.

"ದಾರಿ ಎರಡುಂಟು ದೊರೆ. ಒಬ್ಬೊಬ್ಬರೂ ತಮಗೆ ಬೇಕಾದವರ ಗಡಿಗೆಗೆ ಒಂದು ಹುಣಸೆಬೀಜ ಹಾಕೋದು. ಕೇರಿಗೆ ಒಬ್ಬರಂತೆ, ಯಾರಿಗೆ ಹೆಚ್ಚು ಬಿತ್ತೋ ಅವರು ಗೆದ್ದರು. ಕಷ್ಟ ಬಂದರೆ ಯಾರ ಬಾಗಿಲು ತಟ್ಟಬೇಕು ಅಂತ ಕೇರಿಗೆ ಗೊತ್ತಿರತ್ತೆ. ಇಲ್ಲಾ, ಇಡೀ ಊರಿನ ಬೀಜ ಒಂದೇ ಕಡೆ ರಾಶಿ ಹಾಕಿ, ಯಾವ ಕಸುಬಿನವರ ಪಾಲು ಎಷ್ಟೋ ಸಭೇಲಿ ಅಷ್ಟು ಜಾಗ ಕೊಡೋದು. ಆದರೆ ಆಗ, ಇವನು ನಮ್ಮ ಕೇರಿಯವನು ಅಂತ ಯಾರನ್ನೂ ಹಿಡಿದು ಕೇಳೋಕಾಗಲ್ಲ."

"ಯಾವುದು ಮೇಲು?"

ರಾಶಿ ಹಾಕಿದರೆ ಕುಂಬಾರರಿಗೆ ನಾಕು ಜಾಗ, ಕೇರಿ ಲೆಕ್ಕದಲ್ಲಿ ಒಂದೂ ಇಲ್ಲ. ಅವಳ ಮನಸ್ಸು ಆಗಲೇ ಎಣಿಸಿಬಿಟ್ಟಿತ್ತು. ಆದರೂ, "ಮೊದಲನೇದು ಸಲೀಸು" ಅಂದುಬಿಟ್ಟಳಂತೆ.

ಬೀಜ ಹಾಕಿದರು, ಎಣಿಸಿದರು. ಮೊದಲ ಕೇರಿ, ಅರವತ್ತಕ್ಕೆ ನಲವತ್ತು, ಗೆದ್ದವ ನೇಕಾರ. ಎರಡನೇ ಕೇರಿ, ಅರವತ್ತಕ್ಕೆ ನಲವತ್ತು, ಗೆದ್ದವ ನೇಕಾರ. ಹೀಗೇ ಹತ್ತೂ ಕೇರಿ.

ಕುಂಬಾರರ ಮಾಳವ್ವ ನಿಂಬೆವ್ವನ ಜೊತೆ ಆಡಿ ಬೆಳೆದವಳು. ಬಂದು ಕೇಳಿದಳಂತೆ: "ನಿಂಬೀ, ನಾವು ನಾನೂರು ಜನ ಬೀಜ ಹಾಕಿದ್ವಲ್ಲೇ. ಸಭೇಲಿ ನಮ್ಮವರು ಒಬ್ಬರೂ ಇಲ್ವಲ್ಲ?"

"ಸೋತಿರಿ, ಏನ್ಮಾಡೋದು." ನಿಂಬೆವ್ವ ಮಗ್ಗದಿಂದ ಮುಖ ಎತ್ತಲಿಲ್ಲ.

ಮಳೆಗಾಲ ಮುಗೀತು. ಕೆರೆಯಂಗಳದ ಕುಂಬಾರರ ಮಣ್ಣುಗುಂಡಿ ಮುಚ್ಚಿ ಬಟ್ಟೆಗೆ ಬಣ್ಣ ಹಾಕೋ ಅಂಗಳ ಮಾಡಬೇಕು ಅಂತ ಸಭೆ ತೀರ್ಮಾನಿಸಿತು. ಬೇಡ ಅನ್ನೋಕೆ ಅಲ್ಲಿ ಯಾರಿದ್ದರು? ಮಣ್ಣಿಲ್ಲದೆ ಚಕ್ರ ತಿರುಗೀತೇ? ಕುಂಬಾರರು ಗಾಡಿ ಕಟ್ಟಿದರು. ಕೊನೇ ಗಾಡೀಲಿ ಮಾಳವ್ವ. ನಿಂಬೆವ್ವ ಕೂಗಿದಳು. ಮಾಳವ್ವ ತಿರುಗಿ ನೋಡಲಿಲ್ಲವಂತೆ.

ನಿಂಬೆವ್ವ ನೇರ ಅರಮನೆಗೆ ಹೋದಳು. "ತಪ್ಪು ನನ್ನದು ದೊರೆ. ಹೀಗಾಗತ್ತೆ ಅಂತ ಗೊತ್ತಿದ್ದೂ ಬಾಯಿ ಬಿಡಲಿಲ್ಲ."

ಆಳೋದು ಬಿಟ್ಟಿದ್ದರೂ ಸಭೆಯ ಕಟ್ಟಳೆ ಇನ್ನೂ ರಾಜನ ಕೈಲೇ ಇತ್ತು. ಕೇಳಿ ಅದನ್ನ ಬದಲಿಸಿದ. ಎರಡೆರಡು ಕೇರಿಗೆ ಒಬ್ಬರಂತೆ ಐವರು, ರಾಶಿಯ ಪಾಲಿನಂತೆ ಐವರು. ಮಣ್ಣುಗುಂಡಿಯನ್ನೂ ಬಿಡಿಸಿಕೊಟ್ಟ.

ಸುದ್ದಿ ಹೊತ್ತು ನಿಂಬೆವ್ವ ಮೂರು ದಿನ ನಡೆದು ಕುಂಬಾರರ ಹೊಸ ಊರು ಮುಟ್ಟಿದಳಂತೆ. ಮಾಳವ್ವ ನೀರು ಕೊಟ್ಟಳು, ಎಲ್ಲಾ ಕೇಳಿದಳು.

"ಒಳ್ಳೇ ಏರ್ಪಾಟು ಕಣೇ. ಆದರೆ ಇಲ್ಲಿ ಸುಡೋಕೆ ಆವಿಗೆ ಕಟ್ಟಿ ಆಯ್ತು, ಮಡಕೆ ಬೆಂದೂ ಆಯ್ತು. ನಾವು ಬರಲ್ಲ."

ನಿಂಬೆವ್ವ ಒಬ್ಬಳೇ ವಾಪಸು ಬಂದಳು. ಆಮೇಲೆ ಆ ಊರಿಗೆ ಗಾಣಿಗರು ಬಂದರು, ತೋಟದವರು ಬಂದರು. ಯಾವ ಕೇರಿಯಲ್ಲೂ ಅವರ ಜನ ಹೆಚ್ಚಿಲ್ಲದಿದ್ದರೂ, ರಾಶಿಯಲ್ಲಿ ಅವರ ಪಾಲಿನ ಜಾಗ ಅವರಿಗೆ ಸಿಕ್ಕಿತಂತೆ. ಅವರು ಅಲ್ಲಿ ಸುಖವಾಗಿರಲಿ, ಕೇಳಿದ ನೀವು ಇಲ್ಲಿ ತಣ್ಣಗಿರಿ.